ಯೂದನಿಗೆ ಬಂದ ಮುಖ

ಅಕ್ಟೋಬರ್ ೧೪, ಮಂಗಳವಾರ

ಗಾರೆ ಒಣಗುತ್ತಿದೆ. ಬೆಳಗಾಗುವಷ್ಟರಲ್ಲಿ ಬಣ್ಣ ಗೋಡೆಯನ್ನು ಕಚ್ಚಿಕೊಂಡುಬಿಡುತ್ತದೆ. ಆಮೇಲೆ ಅಳಿಸಬೇಕೆಂದರೆ ಉಳಿ ಹಿಡಿದು ಕೆತ್ತುವುದೊಂದೇ ದಾರಿ.

ಚರ್ಚಿನಲ್ಲಿರುವ ಐನೂರು ವರ್ಷ ಹಳೆಯ ಚಿತ್ರ, ಯೇಸುವಿನ ‘ಕಡೆಯ ಭೋಜನ’ವನ್ನೇ ಎದುರು ಗೋಡೆಯಲ್ಲಿ, ನಮ್ಮೂರ ಕಾಫಿ ಅಂಗಡಿಯಲ್ಲಿ ನಡೆಯುವಂತೆ ಬರೆಯುತ್ತಿದ್ದೇನೆ. ಹನ್ನೊಂದು ಮಂದಿ ಶಿಷ್ಯರ ಮುಖಕ್ಕೆ ಮಾದರಿಯಾಗಲು ಊರವರು ನಾ ಮುಂದು ತಾ ಮುಂದು ಎಂದು ಬಂದು ಕೂತರು. ದ್ರೋಹಿ ಯೂದನಾಗಲು ಮಾತ್ರ ಯಾರೂ ಒಪ್ಪಲಿಲ್ಲ. ಇವತ್ತು ಅವನ ಮುಖವನ್ನು ಮನಸ್ಸಿಗೆ ಬಂದಂತೆ ಬರೆದು ಮುಗಿಸಿದೆ.

ಸಂಜೆ ಕಸ ಗುಡಿಸಲು ಬಂದ ಮುದುಕಿ ಇಸೋಲಿನಾ ಪೊರಕೆ ಹಿಡಿದೇ ನಿಂತುಬಿಟ್ಟಳು. “ಅಯ್ಯೋ, ಇದು ನಮ್ಮ ಬೇಕರಿ ಎವಾರಿಸ್ತೊ ಅಲ್ವೇನೇ! ಪಾಪ, ಅವ್ನು ನಿಂಗೇನೇ ಮಾಡಿದ್ದ?”

ನಿಜ. ಅದೇ ಮೂಗು, ಅದೇ ಜೋಲುರೆಪ್ಪೆ. ದಿನಾ ಬೆಳಿಗ್ಗೆ ನೋಡುವ ಮುಖ ನನಗೇ ತಿಳಿಯದೆ ಕುಂಚಕ್ಕೆ ಇಳಿದುಬಿಟ್ಟಿದೆ.

ಇಸೋಲಿನಾ ಊರಿಗೆಲ್ಲ ಸಾರುವ ಮೊದಲು ಕ್ಷಮೆ ಕೇಳೋಣವೆಂದು ಎವಾರಿಸ್ತೊನನ್ನು ನಾನೇ ಕರೆತಂದೆ. ಬೈಯುತ್ತಾನೆ, ಇಲ್ಲವೇ ನಕ್ಕುಬಿಡುತ್ತಾನೆ ಅಂದುಕೊಂಡಿದ್ದೆ. ಅವನು ಟೋಪಿ ತೆಗೆದು ಬಹಳ ಹೊತ್ತು ನೋಡಿದ. ಬಾಗಿಲ ಕಡೆ ಒಮ್ಮೆ ತಿರುಗಿ, ಸಣ್ಣ ದನಿಯಲ್ಲಿ ಕೇಳಿದ:

“ಯಾರಮ್ಮ ಹೇಳಿದ್ದು ನಿಂಗೆ?”

ಯಾರೂ ಏನೂ ಹೇಳಿಲ್ಲ ಅಂದೆ. ನಂಬಲಿಲ್ಲ.

ಉಳಿ ಮಡಿಲಲ್ಲೇ ಇದೆ. ನಾಳೆ ಬೆಳಿಗ್ಗೆ ಬ್ರೆಡ್ಡಿಗೆ ಅವನ ಹತ್ತಿರವೇ ಹೋಗಬೇಕು, ಊರಲ್ಲಿ ಬೇರೆ ಬೇಕರಿಯೇ ಇಲ್ಲ.