ದುರ್ಗವ್ವನ ಕೈಯಡಿಯ ದಿಂಬು

ಮಾಕಳಿ

ತಂಗಿ ಮಹಾನಂದಾ,

ಮಕ್ಕಳು ಹೇಗಿದ್ದಾರೆ? ಬಸಲಿಂಗನ ಕೆಮ್ಮು ಇಳಿಯಿತೇ? ಭಾಗ್ಯಶ್ರೀ ಆರಾಮಾಗಿದ್ದಾಳೆಯೇ?

ಲಕ್ವ ಹೊಡೆದ ನಿನ್ನ ಅತ್ತಿಗೆ ದುರ್ಗವ್ವನ ಎಡಗೈ ಮತ್ತೆ ಬಾತಿದೆ. ಆಡದ ಕೈಯಲ್ಲಿ ನೀರು ನಿಲ್ಲುತ್ತದೆ, ದಿಂಬಿನ ಮೇಲೆ ಎತ್ತಿಡಿ ಎಂದಿದ್ದಾರೆ ಡಾಕ್ಟರು. ಫ್ಯಾಕ್ಟರಿ ಗೇಟು ಕಾಯುವ ರಾತ್ರಿ ಪಾಳಿ ಮುಗಿಸಿ ಬಂದು, ನೀನು ಹೊಲಿದ ದಿಂಬನ್ನು ಅವಳ ಕೈಯಡಿ ಇಟ್ಟು ಪಕ್ಕದಲ್ಲೇ ಮಲಗುತ್ತೇನೆ. ಎದ್ದಾಗ ಅವಳ ಕೈ ಜೋತುಬಿದ್ದಿರುತ್ತದೆ, ದಿಂಬು ನನ್ನ ತಲೆಯಡಿ ಇರುತ್ತದೆ! ತಪ್ಪು ನನ್ನ ಮೇಲೆ ಬರಲೆಂದು ಆರೈಕೆಗೆ ಬರುವ ಈಶ್ವರಮ್ಮನೇ ಹೀಗೆ ಮಾಡುತ್ತಾಳೆಂದು ಅನುಮಾನಪಟ್ಟು ಕೇಳಿಯೂಬಿಟ್ಟೆ. “ನಾನ್ಯಾಕೆ ಮುಟ್ಲಿ ಅಣ್ಣ? ಒಂದಿನ ನಿದ್ದೆ ಬಂದವ್ರಂಗೆ ಮಲಗಿ ನೋಡಿ” ಅಂದಳು.

ನಿನ್ನೆ ಹಾಗೇ ಮಲಗಿ ಅರೆಗಣ್ಣಲ್ಲಿ ನೋಡುತ್ತಿದ್ದೆ. ದುರ್ಗವ್ವನ ಬಲಗೈ ಮೆಲ್ಲಗೆ ದಿಂಬು ಎಳೆದು ನನ್ನ ತಲೆಯಡಿ ತುರುಕಿತು. ನಾನು ಪೂರ್ತಿ ಕಣ್ಣು ತೆರೆಯಲಿಲ್ಲ.

ಇನ್ನೊಂದು ದಿಂಬು ಹೊಲಿದು ಕಳಿಸು. ಈಶ್ವರಮ್ಮನಿಗೆ ಏನು ಹೇಳಲಿ, ಬೇಗ ಬರೆ.

ನಿನ್ನ ಅಣ್ಣ,
ಮುದಕಪ್ಪ