ರೊಟ್ಟಿ ತಿಂದವರು ಯಾರು?

ರೀ,

ಮಗಳ ಪರೀಕ್ಷಾ ಐತಿ, ಮುಧೋಳಕ್ಕ ಹೊಂಟೇವಿ.

ನಿನ್ನೆ ಮಗ್ಗದ ಮುಂದ ನೀವು ಒಮ್ಮೆಲೆ ಬೆವತು, ಹೊಟ್ಟಿ ತೊಳಸಿ, ಕೈಕಾಲು ಸೋತು ಕುಂತ್ರಿ. ಅತ್ತಿ ದೃಷ್ಟಿ ತಗದ್ರು, ನೀವು ಪಿತ್ತ ಅಂದ್ರಿ. ನನಗ ಎರಡೂ ಖರೆ ಅನ್ಸವಲ್ದು. ಲಿಂಗಪೂಜಿ ಆಗೂತನಾ ನೀವು ಏನೂ ತಿನ್ನಂಗಿಲ್ಲ, ಆದ್ರ ಶುಗರ್ ಗುಳಿಗಿ ಮಾತ್ರ ಎದ್ದಕೂಡ್ಲೆ ನುಂಗ್ತೀರಿ. ಪೂಜಿ ಮುಗಸಿ ಮಗ್ಗಕ್ಕ ಓಡೂ ಗಡಿಬಿಡ್ಯಾಗ ರೊಟ್ಟಿ ಯಾರ ಬಾಯಿಗೆ ಬೀಳ್ತೈತಿ? ನಾಯಿ ಸುಮ್ನ ದಪ್ಪ ಆಗಿಲ್ಲ.

ಖಾಲಿ ಹೊಟ್ಟ್ಯಾಗ ಆ ಗುಳಿಗಿ ಬಿದ್ರ ಶುಗರ್ ಪೂರಾ ಇಳೀತೈತಿ, ಅದಕ್ಕ ಮುಚ್ಚಿಟ್ಟೇನಿ. ಉಂಡು ಫೋನ್ ಮಾಡ್ರಿ, ಎಲ್ಲೈತಿ ಹೇಳ್ತೇನಿ. ಮತ್ತ ಬೆವರು ಬಂದ್ರ ಮೊದಲ ಸಕ್ಕರಿ ಬಾಯಾಗ ಹಾಕ್ಕೊಳ್ರಿ. ಸಂಜಿಗೆ ಡಾಕ್ಟರಿಗೆ ಎದಿನೂ ತೋರಸೂಣು, ಇಲ್ಲಾ ಅನಬ್ಯಾಡ್ರಿ.

ಬುಟ್ಟ್ಯಾಗ ಮೂರು ರೊಟ್ಟಿ ಅದಾವು. ನಾಯಿನ್ನ ಬಾಜೂಮನಿ ಸಾವಕ್ಕನ ಕಡೆ ಕಟ್ಟಿ ಹೊಂಟೇನಿ.