ಮೂರನೆಯ ಬಾಟಲಿ

ಮಾರ್ಚ್ ೧೧, ಮಂಗಳವಾರ

ಎಷ್ಟು ಸಲ ಸೋಪು ಹಾಕಿ ತೊಳೆದರೂ ಬೆರಳಿನ ಕೆಂಪು ಹೋಗುತ್ತಿಲ್ಲ. ಇರಲಿ.

ನಾಳೆ ನಮ್ಮ ಪ್ರಯೋಗಾಲಯಕ್ಕೆ ಬಟ್ಟೆ ಕಾರ್ಖಾನೆಯವರು ಬರುತ್ತಾರೆ. ಅವರಿಗೆ ತೋರಿಸಲು ಮೇಜಿನ ಮೇಲೆ ಎರಡು ಬಾಟಲಿಗಳಿವೆ. ಒಂದರಲ್ಲಿ ಅವರದೇ ಕೆಂಪು ಕೊಳೆನೀರು, ಇನ್ನೊಂದರಲ್ಲಿ ನಮ್ಮ ಇದ್ದಿಲ ಪುಡಿ ಹಾಕಿ ಸೋಸಿದ ತಿಳಿನೀರು. ಈ ಪುಡಿ ವೇಗವರ್ಧಕ, ಬಣ್ಣವನ್ನು ಒಡೆದು ಇಲ್ಲವಾಗಿಸುತ್ತದೆ ಎಂದು ಫಲಕವನ್ನೂ ಬರೆಸಿಯಾಗಿದೆ. ಇವತ್ತು ಯಾಕೋ ಅನುಮಾನ ಬಂದು ಬಳಸಿದ ಪುಡಿಯ ಮೇಲೆ ಸ್ಪಿರಿಟ್ ಸುರಿದೆ. ಬಣ್ಣವೆಲ್ಲ ಇಳಿದು ಬಂತು. ಒಡೆಯುವುದಿರಲಿ, ಇದ್ದಿಲು ಅದನ್ನು ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡಿತ್ತು, ಅಷ್ಟೆ.

ಪ್ರಯೋಗಾಲಯದ ಮುಖ್ಯಸ್ಥರಾದ ದೊಡ್ಡ ಮೇಷ್ಟ್ರಿಗೆ ತೋರಿಸಿದೆ.

"ನೀರು ತಿಳಿಯಾಯ್ತಲ್ಲಮ್ಮ, ಇನ್ನೇನು ಬೇಕು? ಬಂದವರು ಪುಡಿ ತೊಳೆದು ನೋಡ್ತಾರಾ?"

"ಪುಡಿನ ತಿಪ್ಪೆಗೆ ಹಾಕ್ತಾರೆ ಸರ್. ಅಲ್ಲಿಂದ ಬಣ್ಣ ಮತ್ತೆ ನೀರಿಗೇ ಇಳಿಯುತ್ತೆ."

"ಸುಮ್ನಿರೋದು ಕಲಿ," ಅಂದರು. ಅದೊಂದನ್ನು ನನಗೆ ಕಲಿಸಲು ನಮ್ಮಮ್ಮನಿಂದಲೇ ಆಗಲಿಲ್ಲ, ಇವರಿಂದಾಗುತ್ತದೆಯೇ.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಮಗಳು ನನ್ನ ಕೈ ಹಿಡಿದು ನೋಡಿದಳು. "ಬಣ್ಣ ತೆಗೆಯೋ ಕೆಲಸ ಅಂತೀಯ, ಬಣ್ಣ ನಿನ್ನ ಕೈಯಲ್ಲೇ ಇದೆಯಲ್ಲಮ್ಮ." ನಮ್ಮ ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ, ಉಪಾಯ ಹೊಳೆಯಿತು.

ಇಳಿದು ಬಂದ ಬಣ್ಣವನ್ನು ಪ್ರಯೋಗಾಲಯದಲ್ಲೇ ಮುಚ್ಚಿಟ್ಟು ಬಂದಿದ್ದೇನೆ. ಬೆಳಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ ಅದನ್ನು ಮೂರನೆಯ ಬಾಟಲಿಗೆ ತುಂಬಿ, "ಇದ್ದಿಲಿನಿಂದ ವಾಪಸ್ ಬಂದದ್ದು" ಎಂಬ ಚೀಟಿ ಅಂಟಿಸಿ, ಆ ಎರಡರ ಪಕ್ಕ ಇಡುತ್ತೇನೆ. ಕೆಲಸ ಹೋದರೆ ಹೋಗಲಿ. ಜನರ ಕಣ್ಣಿಗೆ ಮಣ್ಣೆರಚಲು ನಾನೇ ಏಕೆ ಬೇಕು. ಮೇಷ್ಟ್ರು ನೋಡಿದ ಕೂಡಲೇ ಬಾಟಲಿ ಎತ್ತಿ ಮರೆಮಾಡಬಹುದು. ಮಾಡಲಿ. ಮುಚ್ಚಳ ಸಡಿಲವಾಗಿಯೇ ಬಿಟ್ಟಿರುತ್ತೇನೆ. ಆಮೇಲೆ ಆ ಕೆಂಪು ಕೈಯಿಂದಲೇ ಅವರು ಕಾರ್ಖಾನೆಯವರ ಕೈ ಕುಲುಕಬೇಕಲ್ಲ.